ಉಪ್ಪುನೀರಿನ ಮೇಲೆ ಸಿಹಿನೀರಿನ ಕೆನೆ

ಹೆಸರಿನಲ್ಲೇ ಮಂಜು ಇಟ್ಟುಕೊಂಡಿರುವ ಊರು ನಮ್ಮ ಮಂಜೂರು. ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಈ ಸುತ್ತಿನಲ್ಲಿ, ಅದರಲ್ಲೂ ಅವಲಾಂಚಿ, ಎಮರಾಲ್ಡ್ ಕಡೆಯ ತಗ್ಗುಗಳಲ್ಲಿ, ಬೆಳಿಗ್ಗೆ ಎದ್ದು ನೋಡಿದರೆ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗಿರುತ್ತದೆ. ತಮಿಳಿನಲ್ಲಿ ಇದಕ್ಕೆ ಉರೈಪನಿ ಅನ್ನುತ್ತಾರೆ. ಚಹಾ ಗಿಡದ ಚಿಗುರು ಸುಟ್ಟು ಕಂದಾಗುತ್ತದೆ. ಅಂಗಳದಲ್ಲಿ ಬಿಟ್ಟ ಬಕೆಟ್ಟಿನ ನೀರಿನ ಮೇಲೆ ಒಮ್ಮೊಮ್ಮೆ ಗಾಜಿನಂಥ ತೆಳು ಹಾಳೆ ಕಟ್ಟಿರುತ್ತದೆ. ಹಾಗಾಗಿ ಧ್ರುವ ಪ್ರದೇಶದ ಪಾಠ ಬಂದಾಗ ನಮ್ಮ ಮಕ್ಕಳು ಬಾಯಿ ಬಿಟ್ಟುಕೊಂಡು ಕೂರುವುದಿಲ್ಲ. "ಚಳಿ ಜಾಸ್ತಿ ಆದ್ರೆ ಸಮುದ್ರವೂ ಗಟ್ಟಿಯಾಗುತ್ತೆ ಸಾರ್, ಅದ್ರಲ್ಲೇನಿದೆ?" ಎಂದು ಕೇಳುತ್ತಾರೆ.

ಅದರಲ್ಲಿ ಬಹಳ ಇದೆ. ಈ ಚಳಿಗಾಲದಲ್ಲಿ ಮಕ್ಕಳ ಕೈಲಿ ಎರಡು ತಟ್ಟೆ ಇಡಿಸಿದೆ. ಒಂದರಲ್ಲಿ ಹಳ್ಳದ ನೀರು, ಇನ್ನೊಂದರಲ್ಲಿ ಒಂದು ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಹಾಕಿದ ನೀರು, ಅಂದರೆ ಹೆಚ್ಚುಕಡಿಮೆ ಸಮುದ್ರದ ನೀರೇ. ಬೆಳಿಗ್ಗೆ ಮೊದಲನೆಯದರ ಮೇಲೆ ಹಾಳೆ ಕಟ್ಟಿತ್ತು, ಎರಡನೆಯದು ನೀರಾಗಿಯೇ ಇತ್ತು. ಸಮುದ್ರದ ನೀರು ಗಟ್ಟಿಯಾಗಲು ಸೊನ್ನೆ ಡಿಗ್ರಿ ಸಾಲದು, ಅದಕ್ಕಿಂತ ಸುಮಾರು 1.8 ಡಿಗ್ರಿ ಕೆಳಗೆ ಇಳಿಯಬೇಕು. ಇಷ್ಟು ಪಠ್ಯಪುಸ್ತಕದಲ್ಲೂ ಸಿಗುತ್ತದೆ. ಆದರೆ ತಟ್ಟೆಯಲ್ಲಿ ಕಾಣದ ವ್ಯತ್ಯಾಸ ಇನ್ನೊಂದಿದೆ, ದೊಡ್ಡದು ಅದೇ.

ಸಿಹಿನೀರು 4 ಡಿಗ್ರಿಯಲ್ಲಿ ಅತಿ ಭಾರ. ಅದಕ್ಕಿಂತ ತಣ್ಣಗಾದರೆ ಮತ್ತೆ ಹಗುರಾಗಿ ಮೇಲೆಯೇ ನಿಲ್ಲುತ್ತದೆ. ಅದಕ್ಕೇ ಕೆರೆಯ ಮೇಲ್ಮೈ ಬೇಗ ಗಟ್ಟಿಯಾಗುತ್ತದೆ, ಕೆಳಗೆ ಮೀನು ಬದುಕಿರುತ್ತದೆ. ಸಮುದ್ರದ ನೀರು ಹಾಗಲ್ಲ. ತಣ್ಣಗಾದಷ್ಟೂ ಭಾರವಾಗುತ್ತಲೇ ಹೋಗುತ್ತದೆ. ಮೇಲಿನದು ತಣ್ಣಗಾಗಿ ಮುಳುಗುತ್ತದೆ, ಕೆಳಗಿನ ಬೆಚ್ಚನೆಯದು ಮೇಲೆ ಬರುತ್ತದೆ, ಅದೂ ತಣ್ಣಗಾಗಿ ಮುಳುಗುತ್ತದೆ. ಮೇಲಿಂದ ಕೆಳಗಿನವರೆಗೆ ಒಂದೇ ಸಮ ಉಪ್ಪಿರುವ ಆಳ ಕಡಲಾದರೆ, ಅಷ್ಟು ನೀರೂ ತಣ್ಣಗಾಗುವವರೆಗೆ ಮೇಲೆ ಗಡ್ಡೆ ಕಟ್ಟುವ ಹಾಗಿಲ್ಲ. ಅಷ್ಟರಲ್ಲಿ ಚಳಿಗಾಲವೇ ಮುಗಿದುಹೋದೀತು!

ಹಾಗಾದರೆ ಉತ್ತರ ಧ್ರುವದ ಸಮುದ್ರ ಹೇಗೆ ಗಟ್ಟಿಯಾಗುತ್ತದೆ? ನದಿಗಳಿಂದ. ಸೈಬೀರಿಯಾದ ಓಬ್, ಯೆನಿಸೇ, ಲೀನಾ, ಕೆನಡಾದ ಮೆಕೆಂಜಿ ಎಲ್ಲವೂ ಉತ್ತರಕ್ಕೆ ಹರಿದು ಆರ್ಕ್ಟಿಕ್ ಸಾಗರ ಸೇರುತ್ತವೆ. ಭೂಮಿಯ ಸಾಗರಗಳ ಒಟ್ಟು ನೀರಿನಲ್ಲಿ ಆರ್ಕ್ಟಿಕ್‌ನ ಪಾಲು ಶೇಕಡಾ 1ರಷ್ಟು, ಆದರೆ ನದಿಗಳು ಕಡಲಿಗೆ ಸುರಿಯುವ ನೀರಿನಲ್ಲಿ ಅದಕ್ಕೆ ಸಿಗುವುದು ಶೇಕಡಾ 10ಕ್ಕಿಂತ ಹೆಚ್ಚು. ಈ ಸಿಹಿನೀರು ಉಪ್ಪುನೀರಿನ ಮೇಲೆ ಹಾಲಿನ ಕೆನೆಯ ಹಾಗೆ ಹರಡಿಕೊಳ್ಳುತ್ತದೆ. ಪೂರ್ತಿ ಸಿಹಿಯಲ್ಲ, ಉಪ್ಪು ಕಡಿಮೆ, ಅಷ್ಟೆ. ಚಳಿಗೆ ಈ ಮೇಲಿನ ಪದರ ಮಾತ್ರ ತಣ್ಣಗಾದರೆ ಸಾಕು, ಗಡ್ಡೆ ಕಟ್ಟುತ್ತದೆ. ಅದರ ಕೆಳಗೆ, ಇನ್ನೂರು ಮುನ್ನೂರು ಮೀಟರ್ ಆಳದಲ್ಲಿ, ಅಟ್ಲಾಂಟಿಕ್‌ನಿಂದ ಬಂದ ಬೆಚ್ಚನೆಯ ಉಪ್ಪುನೀರು ಹರಿಯುತ್ತಿರುತ್ತದೆ. ಮೇಲಿನ ಗಡ್ಡೆಯನ್ನೆಲ್ಲ ಕರಗಿಸಿಬಿಡುವಷ್ಟು ಶಾಖ ಅದರಲ್ಲಿದೆ. ಆದರೆ ಅದು ಉಪ್ಪಿನಿಂದ ಭಾರ, ಮೇಲೇಳಲಾರದು. 1893ರಿಂದ 1896ರವರೆಗೆ ನಾರ್ವೆಯ ನಾನ್ಸೆನ್ ತನ್ನ ಫ್ರಾಮ್ ಹಡಗನ್ನು ಮಂಜುಗಡ್ಡೆಯಲ್ಲಿ ಸಿಕ್ಕಿಸಿಕೊಂಡು ತೇಲಿದಾಗ ಈ ಬೆಚ್ಚನೆಯ ಪದರವನ್ನು ಅಳೆದಿದ್ದ.

ಇದನ್ನು ತರಗತಿಯಲ್ಲಿ ತೋರಿಸುವುದು ಸುಲಭ. ಗಾಜಿನ ಲೋಟದಲ್ಲಿ ಅರ್ಧ ಉಪ್ಪುನೀರು, ಅದರ ಮೇಲೆ ಚಮಚದ ಬೆನ್ನಿನಿಂದ ಮೆಲ್ಲಗೆ ಶಾಯಿ ಬೆರೆಸಿದ ಸಿಹಿನೀರು. ಕಲಕದಿದ್ದರೆ ಗಂಟೆಗಟ್ಟಲೆ ಗೆರೆ ಎಳೆದಂತೆ ಬೇರೆಬೇರೆಯಾಗಿ ನಿಂತಿರುತ್ತದೆ. ಮೇಷ್ಟ್ರುಗಳು ಒಮ್ಮೆ ಮಾಡಿ ನೋಡಿ, ಖರ್ಚು ಒಂದು ಹಿಡಿ ಉಪ್ಪು.

ನದಿಗೂ ಗಡ್ಡೆಗೂ ಇರುವ ಈ ನಂಟು ನಮ್ಮವರಿಗೆ ಇನ್ನೊಂದು ಕಾರಣಕ್ಕೆ ಅರ್ಥವಾಗಬೇಕು. ನಮ್ಮದು ನದಿ ತಿರುಗಿಸಿದ ಊರು. 1950ರ ದಶಕದಲ್ಲಿ ಕೊಲಂಬೊ ಯೋಜನೆಯಡಿ ಕೆನಡಾದವರ ನೆರವಿನಿಂದ ಕುಂದಾ ವಿದ್ಯುತ್ ಯೋಜನೆ ಶುರುವಾಗಿ, ಹೊಳೆಗಳೆಲ್ಲ ಅಣೆಕಟ್ಟು, ಸುರಂಗ, ಕೊಳವೆ ಹಿಡಿದು ಇಳಿಯತೊಡಗಿದವು. ರಷ್ಯದವರು ಇದರ ಎಷ್ಟೋ ಪಾಲು ದೊಡ್ಡದನ್ನು ಯೋಚಿಸಿದ್ದರು. ಸೈಬೀರಿಯಾದ ನದಿಗಳ ನೀರನ್ನು ದಕ್ಷಿಣಕ್ಕೆ ತಿರುಗಿಸಿ ಮಧ್ಯ ಏಷ್ಯಾದ ಹೊಲಗಳಿಗೆ ಹರಿಸುವ ಯೋಜನೆ ಅದು. ಕೆನೆ ತೆಳುವಾದರೆ ಆರ್ಕ್ಟಿಕ್‌ನ ಗಡ್ಡೆ ಏನಾದೀತು ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಜೋರಾಗಿಯೇ ನಡೆಯಿತು. ಖರ್ಚು, ವಿರೋಧ ಎಲ್ಲ ಸೇರಿ 1986ರಲ್ಲಿ ಯೋಜನೆ ಕೈಬಿಟ್ಟರು. ಒಳ್ಳೆಯದೇ ಆಯಿತು ಅನ್ನುವವನು ನಾನು.

ಇಷ್ಟರವರೆಗೆ ಸಿಹಿನೀರು ಗಡ್ಡೆಗೆ ಮಾಡುವ ಉಪಕಾರ. ಗಡ್ಡೆಯೂ ಸುಮ್ಮನೆ ಕೂರುವುದಿಲ್ಲ. ಸಮುದ್ರದ ನೀರು ಗಟ್ಟಿಯಾಗುವಾಗ ಉಪ್ಪನ್ನು ಹೊರಗೆ ತಳ್ಳುತ್ತದೆ. ಆ ದಟ್ಟ ಉಪ್ಪುನೀರು ಕೆಳಗಿಳಿದು ಮುಳುಗುತ್ತದೆ. ಒಂದೆರಡು ಬೇಸಿಗೆ ದಾಟಿದ ಹಳೆಯ ಗಡ್ಡೆಯಲ್ಲಿ ಉಪ್ಪು ಎಷ್ಟು ಕಡಿಮೆ ಎಂದರೆ ಕರಗಿಸಿ ಕುಡಿಯಬಹುದು. ಗಾಳಿ ಈ ಗಡ್ಡೆಯನ್ನು ನೂರಾರು ಮೈಲಿ ಆಚೆಗೆ ತಳ್ಳಿಕೊಂಡು ಹೋಗುತ್ತದೆ, ಅದು ಅಲ್ಲಿ ಕರಗುತ್ತದೆ. ಅಂದರೆ ಒಂದು ಕಡೆ ಉಪ್ಪು ಬಿಟ್ಟು ಇನ್ನೊಂದು ಕಡೆ ಸಿಹಿನೀರು ಇಳಿಸುವ ಗಾಡಿ ಇದು. 1960ರ ದಶಕದ ಕೊನೆಯಲ್ಲಿ ಹೀಗೆ ಗಡ್ಡೆಯೂ ಸಿಹಿನೀರೂ ಆರ್ಕ್ಟಿಕ್‌ನಿಂದ ಗ್ರೀನ್‌ಲ್ಯಾಂಡಿನ ಪಕ್ಕದ ಕಡಲಿಗೆ ಬಹಳವಾಗಿ ಹೊರಬಂದವು. ಐಸ್‌ಲ್ಯಾಂಡಿನ ಉತ್ತರ ತೀರಕ್ಕೆ ಗಡ್ಡೆ ಬಂದು ಅಡರಿತು. ಆ ಕಡಿಮೆ ಉಪ್ಪಿನ ನೀರು ಉತ್ತರ ಅಟ್ಲಾಂಟಿಕ್ಕನ್ನು ಸುತ್ತಿ ಬರಲು ಹತ್ತು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ದಾರಿಯಲ್ಲಿ ಲ್ಯಾಬ್ರಡಾರ್ ಕಡಲಿನಲ್ಲಿ, ಪ್ರತಿ ಚಳಿಗಾಲ ಮೇಲಿನ ನೀರು ಆಳಕ್ಕೆ ಮುಳುಗುವ ಕೆಲಸವನ್ನೇ ಕೆಲವು ವರ್ಷ ನಿಲ್ಲಿಸಿಬಿಟ್ಟಿತ್ತು.

ನಮ್ಮ ಕುಂದಾ ನೀರು ಭವಾನಿ ಸೇರಿ, ಕಾವೇರಿ ಸೇರಿ ಬಂಗಾಳ ಕೊಲ್ಲಿ ಮುಟ್ಟುತ್ತದೆಯಲ್ಲ, ಅಲ್ಲೂ ಇಂಥದೇ ಕೆನೆ ಇದೆ. ಅಲ್ಲಿ ಗಂಗೆ, ಬ್ರಹ್ಮಪುತ್ರಗಳ ಮಳೆಗಾಲದ ನೀರು ಮುಖ್ಯ, ನಮ್ಮದು ಚಿಟಿಕೆಯಷ್ಟು. ಆಳದ ತಣ್ಣೀರು ಮೇಲೆ ಬರದಂತೆ ಅದು ತಡೆಯುವುದರಿಂದ ಮೇಲ್ಮೈ ಬೆಚ್ಚಗೇ ಉಳಿದು ಚಂಡಮಾರುತಗಳಿಗೆ ಬಲ ಸಿಗುತ್ತದೆ. ಧ್ರುವದಲ್ಲಿ ಕೆಳಗಿನ ಬಿಸಿಯನ್ನು ತಡೆಯುವ ಮುಚ್ಚಳ, ಇಲ್ಲಿ ಕೆಳಗಿನ ತಂಪನ್ನು ತಡೆಯುತ್ತದೆ.

ಮುಚ್ಚಳ ಬಿಚ್ಚಿಕೊಂಡರೆ ಏನಾಗುತ್ತದೆ ಎಂಬುದನ್ನು ದಕ್ಷಿಣದಲ್ಲಿ ನೋಡಿದ್ದಾರೆ. 1974, 75, 76ರ ಮೂರು ಚಳಿಗಾಲ ಅಂಟಾರ್ಕ್ಟಿಕದ ವೆಡೆಲ್ ಕಡಲಿನಲ್ಲಿ, ಸುತ್ತ ಗಡ್ಡೆ ಇರುವಾಗ ನಡುವೆ ಸುಮಾರು ಎರಡೂವರೆ ಲಕ್ಷ ಚದರ ಕಿ.ಮೀ. ಬರೀ ನೀರಾಗಿತ್ತು. ನಮ್ಮ ಇಡೀ ಕರ್ನಾಟಕ ಎರಡು ಲಕ್ಷಕ್ಕಿಂತ ಕಡಿಮೆ! ಮೇಲಿನ ಪದರ ಉಪ್ಪಾಗಿ ಆಳದ ಬೆಚ್ಚನೆಯ ನೀರು ಮೇಲೆದ್ದದ್ದೇ ಕಾರಣ. 2017ರಲ್ಲಿ ಅದೇ ಸೀಮೆಯ ಮಾಡ್ ರೈಸ್ ಎಂಬಲ್ಲಿ, ನಮ್ಮ ದೇಶದ ಮೈತ್ರಿ ಕೇಂದ್ರದಿಂದ ವಾಯುವ್ಯಕ್ಕೆ ಏಳೆಂಟು ನೂರು ಕಿ.ಮೀ. ದೂರದಲ್ಲಿ, ಚಿಕ್ಕದಾಗಿ ಮತ್ತೆ ತೆರೆಯಿತು.

ಆಮೇಲಿನದು ಯೋಚನೆಗೆ ಹಚ್ಚುವಂಥದು. ಭೂಮಿ ಬಿಸಿಯಾಗುತ್ತಿದ್ದರೂ ಅಂಟಾರ್ಕ್ಟಿಕದ ಸುತ್ತಿನ ಕಡಲಗಡ್ಡೆ 2014ರವರೆಗೆ ನಿಧಾನವಾಗಿ ಹೆಚ್ಚುತ್ತಿತ್ತು. ಆ ದಶಕಗಳಲ್ಲಿ ಮೇಲಿನ ನೀರಿನ ಉಪ್ಪು ಕಡಿಮೆಯಾಗುತ್ತಿತ್ತು, ಮುಚ್ಚಳ ಗಟ್ಟಿಯಾಗಿತ್ತು. 2014ರ ಸೆಪ್ಟೆಂಬರಿನಲ್ಲಿ ಗಡ್ಡೆ 2 ಕೋಟಿ ಚದರ ಕಿ.ಮೀ. ದಾಟಿತ್ತು. ನಂತರ ದಿಢೀರನೆ ಕುಸಿದು, 2023ರ ಫೆಬ್ರವರಿಯಲ್ಲಿ, ಅಲ್ಲಿನ ಬೇಸಿಗೆಯ ಕೊನೆಗೆ, 18 ಲಕ್ಷಕ್ಕಿಂತ ಕೆಳಗಿಳಿಯಿತು. ಉಪಗ್ರಹಗಳು ಅಳೆದ ಅಷ್ಟೂ ವರ್ಷಗಳಲ್ಲಿ ಅಷ್ಟು ಕಡಿಮೆ ಆಗಿರಲಿಲ್ಲ. 2025ರಲ್ಲಿ ಪ್ರಕಟವಾದ ಅಧ್ಯಯನವೊಂದು ಉಪಗ್ರಹದ ಅಳತೆಗಳಿಂದ ಹೇಳಿದ್ದು: 2015ರ ಸುಮಾರಿನಿಂದ ಅಲ್ಲಿನ ಮೇಲ್ಮೈ ನೀರಿನಲ್ಲಿ ಉಪ್ಪು ಏರುತ್ತಿದೆ. ಗಡ್ಡೆ ಕರಗಿದರೆ ಸಿಹಿನೀರು ಹೆಚ್ಚಬೇಕು, ಉಪ್ಪು ಇಳಿಯಬೇಕು. ಆಗಿರುವುದು ತಿರುಗುಮುರುಗು. ಕೆಳಗಿನ ಉಪ್ಪೂ ಬಿಸಿಯೂ ಒಟ್ಟಿಗೇ ಮೇಲೆ ಬರುತ್ತಿವೆ ಎಂಬುದು ಅವರ ವಿವರಣೆ.

ಗಡ್ಡೆಯ ಅಡಿಯಲ್ಲಿ ಇದನ್ನೆಲ್ಲ ಅಳೆಯುವವರು ಯಾರು ಎಂದು ಹುಡುಗಿಯೊಬ್ಬಳು ಕೇಳಿದಳು. ತಾನಾಗಿ ಮುಳುಗಿ ಏಳುವ ಯಂತ್ರಗಳಿವೆ, ಜೊತೆಗೆ ಸೀಲ್‌ಗಳೂ ಇವೆ. ಆನೆ ಸೀಲ್ ಎಂಬ ದೊಡ್ಡ ಪ್ರಾಣಿಯ ತಲೆಗೆ ಪುಟ್ಟ ಉಪಕರಣ ಅಂಟಿಸಿ ಬಿಡುತ್ತಾರೆ. ಅದು ಆಹಾರ ಹುಡುಕಿ ನೂರಾರು ಮೀಟರ್ ಮುಳುಗಿ ಬರುವಾಗ ಉಪ್ಪು, ಬಿಸಿ ಎರಡೂ ದಾಖಲಾಗುತ್ತವೆ, ಉಸಿರಾಡಲು ಮೇಲೆ ಬಂದಾಗ ಉಪಗ್ರಹಕ್ಕೆ ರವಾನೆಯಾಗುತ್ತವೆ. 2017ರ ಆ ತೆರಪಿನ ಕಥೆ ಬಿಡಿಸಲು ಇವುಗಳ ಲೆಕ್ಕವೂ ನೆರವಾಯಿತು. ವರ್ಷಕ್ಕೊಮ್ಮೆ ಸೀಲ್ ತನ್ನ ಕೂದಲು ಉದುರಿಸುವಾಗ ಉಪಕರಣವೂ ಕಳಚಿ ಬೀಳುತ್ತದೆ.