ಬಯಲುಸೀಮೆಯಲ್ಲಿ ಈಜು, ಸೈಕಲ್, ಓಟ

ಚಿತ್ರದುರ್ಗ ಎಂದರೆ ಕಲ್ಲು, ಕೋಟೆ, ಗಾಳಿ. ನೀರಿಗೂ ನಮಗೂ ದೂರದ ನಂಟು. ಮಳೆಗಾಲದಲ್ಲೂ ಮುಗಿಲು ನೋಡುತ್ತ ಕೂರುವ ಸೀಮೆ ಇದು. ಇಂಥ ಕಡೆ ಇದ್ದುಕೊಂಡೇ, ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಎಂದು ಸುತ್ತಾಡುತ್ತ, 41ನೇ ವಯಸ್ಸಿನಲ್ಲಿ ನಾನು ಟ್ರಯಥ್ಲಾನ್‌ಗೆ ತಯಾರಾದೆ. ಕೇಳಿದವರೆಲ್ಲ ಮೊದಲು ನಕ್ಕರು. ಆಮೇಲೆ, ‘ಈಜು ಎಲ್ಲಿ ಕಲಿತಿರಿ?’ ಎಂದರು. ಆ ಪ್ರಶ್ನೆಗೆ ಉತ್ತರವೇ ಈ ಬರಹ.

ಟ್ರಯಥ್ಲಾನ್ ಎಂದರೆ ಈಜು, ಸೈಕಲ್, ಓಟ, ಮೂರೂ ಒಂದರ ಬೆನ್ನಿಗೆ ಒಂದು. ನಡುವೆ ವಿಶ್ರಾಂತಿ ಇಲ್ಲ. ಬೂಟು ಹಾಕಿಕೊಳ್ಳುವ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ. 1974ರ ಸೆಪ್ಟೆಂಬರ್ 25ರಂದು ಅಮೆರಿಕದ ಸ್ಯಾನ್ ಡಿಯಾಗೋ ನಗರದ ಮಿಷನ್ ಬೇ ಎಂಬಲ್ಲಿ 46 ಜನ ಸೇರಿ ಈ ಹೆಸರಿನ ಸ್ಪರ್ಧೆ ನಡೆಸಿದರು. 1978ರಲ್ಲಿ ಹವಾಯಿಯಲ್ಲಿ ಮೊದಲ ‘ಐರನ್‌ಮ್ಯಾನ್’ ನಡೆದಾಗ ಹೊರಟವರು 15 ಮಂದಿ, ಮುಗಿಸಿದವರು 12. ಒಲಿಂಪಿಕ್ಸ್‌ಗೆ ಈ ಆಟ ಬಂದದ್ದು 2000ದಲ್ಲಿ, ಸಿಡ್ನಿಯಲ್ಲಿ. ಅಲ್ಲಿ 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. ಅದರ ಸರಿಯಾಗಿ ಅರ್ಧ, ಅಂದರೆ 750 ಮೀಟರ್, 20 ಕಿ.ಮೀ., 5 ಕಿ.ಮೀ., ಸ್ಪ್ರಿಂಟ್ ಟ್ರಯಥ್ಲಾನ್. ಹೊಸಬರು ಶುರು ಮಾಡುವುದು ಸಾಮಾನ್ಯವಾಗಿ ಇಲ್ಲಿಂದಲೇ.

ಹೊಸದುರ್ಗ: ಕಪಿಲೆ ಬಾವಿಯ ಪಾಠ

ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿಗೆ ನೀರಿನ ಹತ್ತಿರ ಹೋಗಲು ಅಪ್ಪಣೆ ಇರಲಿಲ್ಲ. ಅಮ್ಮನ ತಮ್ಮ ಹದಿಮೂರನೇ ವಯಸ್ಸಿನಲ್ಲಿ ಕೆರೆಯ ಪಾಲಾಗಿದ್ದರು. ಈಜು ಬಾರದ ಹುಡುಗ, ಎಮ್ಮೆ ಹೊಡೆದುಕೊಂಡು ಹೋಗಿ ಇಳಿದದ್ದು. ಅಂದಿನಿಂದ ಅಮ್ಮನಿಗೆ ನೀರೆಂದರೆ ಕೊಡ, ಬಿಂದಿಗೆಯಲ್ಲಿ ಇದ್ದರೆ ಮಾತ್ರ ನೀರು.

ಬರದ ಜಿಲ್ಲೆಯ ಕಷ್ಟವೇ ಇದು. ನೀರು ಅಪರೂಪ, ಹಾಗಾಗಿ ಅಪರಿಚಿತ. ಹೊಳೆ ಪಕ್ಕದ ಊರಿನ ಮಕ್ಕಳು ಆಡುತ್ತಾಡುತ್ತ ಈಜು ಕಲಿಯುತ್ತಾರೆ. ನಮ್ಮಲ್ಲಿ ನಾಲ್ಕಾರು ವರ್ಷಕ್ಕೊಮ್ಮೆ ಕೆರೆ ತುಂಬಿದಾಗ ಮಕ್ಕಳು ಖುಷಿಯಿಂದ ಓಡುತ್ತಾರೆ, ಈಜು ಮಾತ್ರ ಬರುವುದಿಲ್ಲ. ಈಗ ಹೊಲಗಳಲ್ಲಿ ಕೃಷಿ ಹೊಂಡಗಳೂ ಬಂದಿವೆ. ಅವುಗಳಿಗೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಪಾಚಿ ಕಟ್ಟಿದರೆ, ಬಿದ್ದವರಿಗೆ ಹಿಡಿದು ಹತ್ತಲು ಏನೂ ಸಿಗುವುದಿಲ್ಲ.

ಹೊಸದುರ್ಗ ತಾಲ್ಲೂಕಿನಲ್ಲಿ ಚಿಕ್ಕಪ್ಪನ ತೆಂಗಿನ ತೋಟವಿದೆ. ಅಲ್ಲೊಂದು ಹಳೆಯ ಕಪಿಲೆ ಬಾವಿ. ಹಿಂದೆ ಜೋಡೆತ್ತು ಕಟ್ಟಿ, ಚರ್ಮದ ಚೀಲದಲ್ಲಿ ನೀರೆತ್ತುತ್ತಿದ್ದ ಬಾವಿ. ಒಂದು ಬದಿಗೆ ಕಲ್ಲಿನ ಮೆಟ್ಟಿಲು. ಕೊಳವೆ ಬಾವಿಗಳು ಬಂದ ಮೇಲೆ ಅದು ಬತ್ತಿ, ಮುಳ್ಳುಕಂಟಿ ಬೆಳೆದಿತ್ತು. 2022ರ ಮಳೆಗೆ ಬಾವಿಯಲ್ಲಿ ಮತ್ತೆ ನೀರು ಕಂಡಿತು. ಚಿಕ್ಕಪ್ಪ ಕಸ ತೆಗೆಸಿ, ಫೋನ್ ಮಾಡಿ ಕರೆದರು.

ಒಣಗಿದ ಸೋರೆಬುರುಡೆಗಳನ್ನು ಸೊಂಟಕ್ಕೆ ಕಟ್ಟಿ, ಹಗ್ಗದ ಒಂದು ತುದಿಯನ್ನು ತಾವೇ ಹಿಡಿದುಕೊಂಡು ನನ್ನನ್ನು ನೀರಿಗೆ ಇಳಿಸಿದರು. ಅಮ್ಮ ಬಾವಿಗೆ ಬೆನ್ನು ಮಾಡಿ ತೆಂಗಿನ ಬುಡದಲ್ಲಿ ಕೂತಿದ್ದರು.

‘ಅತ್ತಿಗೆ, ಹಗ್ಗ ನನ್ನ ಕೈಲೈತೆ. ನೀವು ಸುಮ್ಕೆ ಕೂತ್ಕಳಿ’ ಎಂದರು ಚಿಕ್ಕಪ್ಪ. ನನಗೆ ಹೇಳಿದ್ದು ಒಂದೇ ಮಾತು: ‘ನೀರು ಹೊಡೀಬ್ಯಾಡ ಕಣಮ್ಮ, ಹಿಂದಕ್ಕೆ ತಳ್ಳು.’

ಮೂರು ವಾರಕ್ಕೆ ಬುರುಡೆ ಒಂದಕ್ಕಿಳಿಯಿತು. ಐದನೇ ವಾರಕ್ಕೆ ಅದೂ ಹೋಯಿತು. ಬಾವಿಯ ಅಗಲ ಸುಮಾರು 10 ಮೀಟರ್. 750 ಮೀಟರ್ ಆಗಬೇಕಾದರೆ 75 ಸಲ ಅಡ್ಡ ದಾಟಬೇಕು. ನನ್ನ ಮಗ ಮೆಟ್ಟಿಲ ಮೇಲೆ ಕೂತು, ಒಂದೊಂದು ದಾಟಿಗೆ ಒಂದೊಂದು ಹುಣಸೆ ಬೀಜ ಇಡುತ್ತ ಲೆಕ್ಕ ಹಾಕುತ್ತಿದ್ದ. ಬೀಜದ ಸಾಲು 75 ತಲುಪಿದ ದಿನ ಅಮ್ಮ ಮೊದಲ ಸಲ ಈ ಕಡೆ ತಿರುಗಿ ಕೂತರು.

ಮರುವರ್ಷ ಮಳೆ ಕೈಕೊಟ್ಟಿತು. 2023ರಲ್ಲಿ ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಬಾವಿಯ ಮೆಟ್ಟಿಲುಗಳು ಒಂದೊಂದಾಗಿ ಮೇಲೆ ಕಾಣತೊಡಗಿದವು. ಉಳಿದ ಅಭ್ಯಾಸಕ್ಕೆ ಭಾನುವಾರಗಳಂದು ಬಸ್ಸು ಹತ್ತಿ ದಾವಣಗೆರೆಯ ಈಜುಕೊಳಕ್ಕೆ ಹೋಗಬೇಕಾಯಿತು.

ಹೊಳಲ್ಕೆರೆ: ಗಾಳಿಗೆ ಎದುರು

ಸೈಕಲ್‌ಗೆ ನಾನು ಆರಿಸಿಕೊಂಡದ್ದು ಹೊಳಲ್ಕೆರೆ ರಸ್ತೆ. ಚಿತ್ರದುರ್ಗದಿಂದ ಸುಮಾರು 30 ಕಿ.ಮೀ. ನಮ್ಮ ಗುಡ್ಡಗಳ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳನ್ನು ಹೆದ್ದಾರಿಯಲ್ಲಿ ಹೋಗುವವರೆಲ್ಲ ನೋಡಿರುತ್ತೀರಿ. ಮಕ್ಕಳಿಗೆ ಅದು ಗಿರಗಿಟ್ಲೆ. ಸೈಕಲ್ ತುಳಿಯುವವರಿಗೆ ಎಚ್ಚರಿಕೆಯ ಬೋರ್ಡು! ಮುಂಗಾರಿನ ಗಾಳಿ ನೈಋತ್ಯದಿಂದ ಬೀಸುತ್ತದೆ. ಹೊಳಲ್ಕೆರೆ ಇರುವುದೂ ಚಿತ್ರದುರ್ಗದ ನೈಋತ್ಯಕ್ಕೇ. ಜುಲೈ ತಿಂಗಳಲ್ಲಿ ಅತ್ತ ಹೊರಟರೆ ಯಾರೋ ಎದೆಗೆ ಕೈಯಿಟ್ಟು ಹಿಂದಕ್ಕೆ ತಳ್ಳಿದಂತೆ. ವಾಪಸ್ ಬರುವಾಗ ಅದೇ ಗಾಳಿ ಬೆನ್ನು ತಟ್ಟಿ ಕಳಿಸುತ್ತದೆ. ಹೋಗಲು ಒಂದೂಮುಕ್ಕಾಲು ಗಂಟೆ ಹಿಡಿದರೆ ಬರಲು ಒಂದು ಗಂಟೆ ಹತ್ತು ನಿಮಿಷ ಸಾಕಾಗುತ್ತಿತ್ತು.

ಊರು ಹತ್ತಿರವಾಗುತ್ತಿದ್ದಂತೆ ಬೋಳು ಗುಡ್ಡ ಹಿಂದಾಗಿ ಅಡಿಕೆ ತೋಟಗಳು ಕಾಣಿಸುತ್ತವೆ. ಹೊಳಲ್ಕೆರೆಯ ಹೆಸರುವಾಸಿ ಬಯಲು ಗಣಪತಿಯ ಮುಂದೆ ಸೈಕಲ್ ನಿಲ್ಲಿಸಿ ಸುಧಾರಿಸಿಕೊಳ್ಳುತ್ತಿದ್ದೆ. ದೊಡ್ಡ ಮೂರ್ತಿ. ಹಿಂದಕ್ಕೆ ಹೋಗಿ ನೋಡಿದರೆ ಜಡೆ! ಜಡೆ ಇರುವ ಗಣಪನನ್ನು ಮಕ್ಕಳಿಗೆ ತೋರಿಸಲೇಬೇಕು. ಆಮೇಲೆ ಒಂದು ತಟ್ಟೆ ಬಿಸಿ ಪಡ್ಡು, ಕೆಂಪು ಚಟ್ನಿ. ಗಾಳಿಗೆ ಎದುರು ತುಳಿದು ಬಂದ ಹಸಿವಿಗೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಚಿತ್ರದುರ್ಗ: ಓಟ ಮತ್ತು ಹೊಂಡಗಳು

ಓಟ ಶುರುವಾದದ್ದು ಒನಕೆ ಓಬವ್ವ ಕ್ರೀಡಾಂಗಣದಲ್ಲಿ. 400 ಮೀಟರಿನ ಹನ್ನೆರಡೂವರೆ ಸುತ್ತು ಸೇರಿದರೆ 5 ಕಿ.ಮೀ. ಬೇಸರವಾದಾಗ ಚಂದ್ರವಳ್ಳಿ ರಸ್ತೆ ಹಿಡಿಯುತ್ತಿದ್ದೆ. ಕದಂಬರ ಮಯೂರಶರ್ಮನ ಶಾಸನ ಇರುವ ಚಂದ್ರವಳ್ಳಿ ಇದೇ. ಆದರೆ ಚೆನ್ನಾಗಿ ಬೆಳಕು ಹರಿಯುವ ಮುಂಚೆ ಆ ಕಡೆ ಹೋಗಬಾರದು. ಇಲ್ಲಿನ ಬಂಡೆಗಳ ನಡುವೆ ಕರಡಿಗಳಿವೆ, ಚಿರತೆಯೂ ಇದೆ. ಅವುಗಳ ಜೊತೆ ಸ್ಪರ್ಧೆಗೆ ನಾನು ಹೆಸರು ಕೊಟ್ಟಿರಲಿಲ್ಲ!

ವಾರಕ್ಕೊಮ್ಮೆ ಸೈಕಲ್ ಇಳಿದ ಕೂಡಲೇ ಓಡಬೇಕು. ಇದು ಟ್ರಯಥ್ಲಾನ್‌ನ ವಿಶೇಷ ಅಭ್ಯಾಸ. ಒಂದು ಗಂಟೆ ದುಂಡಗೆ ತಿರುಗಿದ ಕಾಲುಗಳು ಇಳಿದ ಮೇಲೂ ತುಳಿಯುವುದನ್ನೇ ನೆನಪಿಟ್ಟುಕೊಂಡಿರುತ್ತವೆ. ಮೊದಲ ಅರ್ಧ ಕಿ.ಮೀ. ಅವು ನಮ್ಮ ಕಾಲುಗಳೇ ಅಲ್ಲ ಎನಿಸುತ್ತದೆ. ಆಮೇಲೆ ಸರಿಹೋಗುತ್ತದೆ.

ರಜಾ ದಿನ ಮಕ್ಕಳೊಂದಿಗೆ ಕೋಟೆ ಹತ್ತುತ್ತಿದ್ದೆ. ಏಳು ಸುತ್ತಿನ ಕೋಟೆಯಲ್ಲಿ ಓಬವ್ವನ ಕಿಂಡಿ ನೋಡಿ ಎಲ್ಲರೂ ಹಿಂದಿರುಗುತ್ತಾರೆ. ಹೊಂಡಗಳನ್ನೂ ನೋಡಿ. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಪೇಟೆಯ ಸಂತೆ ಹೊಂಡಕ್ಕೆ. ಬಂಡೆಯ ಮೇಲೆ ಬಿದ್ದ ಮಳೆಯನ್ನು ಮೇಲಿಂದ ಕೆಳಗೆ ಒಂದೊಂದು ಹೊಂಡಕ್ಕೆ ಇಳಿಸಿಕೊಂಡು ಬಂದ ಲೆಕ್ಕ ಅದು. ನೀರು ಕಡಿಮೆ ಇದ್ದ ಕಡೆ ಬದುಕಿದವರಿಗೆ ನೀರಿನ ಗುಣ ಎಷ್ಟು ಚೆನ್ನಾಗಿ ಗೊತ್ತಿತ್ತು!

ಹಿರಿಯೂರು: ಮಾರಿಕಣಿವೆಯ ಮುಂದೆ

ಸ್ಪರ್ಧೆಗೆ ಹತ್ತು ದಿನ ಇರುವಾಗ ಕೊನೆಯ ಸೈಕಲ್ ಅಭ್ಯಾಸ ಹಿರಿಯೂರಿನಲ್ಲಿ. ಅಲ್ಲಿಂದ ವಾಣಿ ವಿಲಾಸ ಸಾಗರಕ್ಕೆ ಸುಮಾರು 20 ಕಿ.ಮೀ., ಸ್ಪ್ರಿಂಟ್‌ನ ಸೈಕಲ್ ಭಾಗದಷ್ಟೇ ದೂರ. ನಾನು ತುಳಿದೆ. ಅಮ್ಮ, ಮಕ್ಕಳು, ಇವರು ಕಾರಿನಲ್ಲಿ ಹಿಂದೆ ಬಂದರು.

ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿ ಕಡೆಯಿಂದ ಬರುವ ವೇದಾ ಮತ್ತು ಅವತಿ ಕಡೂರಿನ ಬಳಿ ಸೇರಿ ವೇದಾವತಿ ಆಗುತ್ತವೆ. ಹೊಸದುರ್ಗ ತಾಲ್ಲೂಕು ದಾಟಿ ಬರುವ ಆ ನದಿಗೆ ಮೈಸೂರು ಅರಸರು ಎರಡು ಗುಡ್ಡಗಳ ನಡುವೆ ಕಟ್ಟಿಸಿದ ಅಣೆಕಟ್ಟೆ ಇದು. ಕಣಿವೆ ಮಾರಮ್ಮನ ಗುಡಿ ಇರುವುದರಿಂದ ಜನರ ಬಾಯಲ್ಲಿ ಮಾರಿಕಣಿವೆ. ನಾಲ್ವಡಿ ಕೃಷ್ಣರಾಜ ಒಡೆಯರ ತಾಯಿ, ರೀಜೆಂಟ್ ಆಗಿ ರಾಜ್ಯವಾಳಿದ ವಾಣಿವಿಲಾಸ ಸನ್ನಿಧಾನದವರ ಹೆಸರನ್ನು ಅದಕ್ಕೆ ಇಟ್ಟರು. ಪೂರ್ಣ ಮಟ್ಟ 130 ಅಡಿ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಹರಿಯಲು 2022ರ ತನಕ, 89 ವರ್ಷ ಕಾಯಬೇಕಾಯಿತು.

ಅಷ್ಟು ನೀರನ್ನು ಕಂಡು ಮಗ ಕೇಳಿದ, ‘ಅಮ್ಮಾ, ಇಲ್ಲಿ ಈಜಬಹುದಾ?’ ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಹೇಳಿದರು: ‘ಈಜು ಬಂದವರೇ ಮೊದಲು ಬ್ಯಾಡ ಅನ್ನೋದು ಕಣೋ.’ ವರ್ಷದ ಹಿಂದೆ ಬಾವಿಗೆ ಬೆನ್ನು ಹಾಕಿದ್ದವರು, ಅಣೆಕಟ್ಟೆಯ ಕಟಕಟೆ ಹಿಡಿದು ಬಹಳ ಹೊತ್ತು ನೀರು ನೋಡುತ್ತ ನಿಂತರು. ತಮ್ಮನ ಹೆಸರನ್ನು ನಾನು ಅವರ ಬಾಯಿಂದ ಕೇಳಿದ್ದು ಅವತ್ತೇ.

ಸ್ಪರ್ಧೆಯ ಬೆಳಗು

ಡಿಸೆಂಬರಿನ ಒಂದು ಭಾನುವಾರ, ಬೆಂಗಳೂರಿನ ಹೊರವಲಯ. 50 ಮೀಟರ್ ಈಜುಕೊಳದಲ್ಲಿ 15 ಉದ್ದ. ಸುತ್ತ ಕೈಕಾಲು ಬಡಿತ, ಕಣ್ಣಿಗೆ ನೊರೆ. ಎರಡನೇ ಉದ್ದದಲ್ಲಿ ಉಸಿರು ಕಟ್ಟಿದಂತಾಗಿ, ಮಲಗಿ ಮೇಲೆ ನೋಡುತ್ತ ತೇಲಿದೆ. ‘ತಳ್ಳು’ ಎಂದ ಚಿಕ್ಕಪ್ಪನ ಮಾತು ನೆನಪಾಗಿ ಮತ್ತೆ ಹೊರಟೆ. 27 ನಿಮಿಷಕ್ಕೆ ಮೇಲೆದ್ದೆ. ಹೆಲ್ಮೆಟ್ಟಿನ ಪಟ್ಟಿ ಬಿಗಿದ ಮೇಲೇ ಸೈಕಲ್ ಮುಟ್ಟಬೇಕೆಂಬುದು ನಿಯಮ. ಒದ್ದೆ ಕಾಲಿಗೆ ಬೂಟು ಏರಿಸಿಕೊಂಡು ಹೊರಡಲು 4 ನಿಮಿಷ. ಸೈಕಲ್ 56 ನಿಮಿಷ. ಹೊಳಲ್ಕೆರೆ ಗಾಳಿಯ ಮುಂದೆ ಇಲ್ಲಿನದು ಬೀಸಣಿಗೆ! ಮತ್ತೆ ಬದಲಾವಣೆಗೆ 3 ನಿಮಿಷ, ಓಟಕ್ಕೆ 38. ಒಟ್ಟು 2 ಗಂಟೆ 8 ನಿಮಿಷ. ನನ್ನ ಹಿಂದೆ ಆರೇ ಜನ ಇದ್ದರು.

ಊರಿಗೆ ಫೋನ್ ಮಾಡಿದೆ. ಎಷ್ಟನೆಯವಳು ಎಂದು ಅಮ್ಮ ಕೇಳಲಿಲ್ಲ. ‘ನೀರಿಂದ ಎದ್ದೆಯಾ?’ ಎಂದರು. ‘ಎದ್ದೆ’ ಎಂದೆ. ‘ಮೊಮ್ಮಗನಿಗೂ ಸೋರೆಬುರುಡೆ ತೆಗೆದಿಡೋಕೆ ನಿನ್ನ ಚಿಕ್ಕಪ್ಪಂಗೆ ಹೇಳ್ತೀನಿ’ ಎಂದರು.

ಹೋಗುವವರಿಗೆ

ಬೆಂಗಳೂರಿನಿಂದ ಚಿತ್ರದುರ್ಗ ಹೆದ್ದಾರಿಯಲ್ಲಿ ಸುಮಾರು 200 ಕಿ.ಮೀ. ದಾರಿಯಲ್ಲೇ ಹಿರಿಯೂರು ಸಿಗುವುದರಿಂದ ಮಾರಿಕಣಿವೆ ಮೊದಲು ನೋಡಬಹುದು. ಕೋಟೆಗೆ ಅರ್ಧ ದಿನ ಇಟ್ಟುಕೊಳ್ಳಿ. ಬೆಳಗ್ಗೆಯೇ ಹತ್ತಿ, ಕುಡಿಯುವ ನೀರು ಜೊತೆಗಿರಲಿ. ಅಣೆಕಟ್ಟೆ, ಕೋಟೆಯ ಹೊಂಡ, ಕೃಷಿ ಹೊಂಡ, ಎಲ್ಲಿಯೂ ನೀರಿಗೆ ಇಳಿಯಬೇಡಿ. ಈಜು ಕಲಿಯುವ ಮಕ್ಕಳ ಪಕ್ಕದಲ್ಲಿ ಈಜು ಬಲ್ಲ ದೊಡ್ಡವರು ಇರಲೇಬೇಕು. ಕಲಿಯುವುದನ್ನು ಮಾತ್ರ ಮುಂದಕ್ಕೆ ಹಾಕಬೇಡಿ. ಮುಂದಿನ ಒಳ್ಳೆಯ ಮಳೆಗೆ ನಿಮ್ಮೂರ ಕೆರೆಯೂ ತುಂಬಬಹುದು.