ನನ್ನ ತಟ್ಟೆ, ನನ್ನ ಒಂದು ಗಂಟೆ

ತೂಕ ಇಳಿಸಿಕೊಂಡವರನ್ನು ಜನ ಮೊದಲು ಕೇಳುವುದು ‘ಏನು ಬಿಟ್ರಿ?’ ಎಂದು. ಅನ್ನ ಬಿಟ್ರಾ, ಸಕ್ಕರೆ ಬಿಟ್ರಾ, ರಾತ್ರಿ ಊಟ ಬಿಟ್ರಾ? ನನ್ನನ್ನೂ ಕೇಳುತ್ತಾರೆ. ಸ್ಟಾಫ್ ರೂಮಿನಲ್ಲಿ, ಮದುವೆ ಮನೆಯಲ್ಲಿ, ತರಕಾರಿ ಅಂಗಡಿಯ ಮುಂದೆ. ಏನೂ ಬಿಡಲಿಲ್ಲ ಎಂದರೆ ನಂಬುವುದಿಲ್ಲ, ಗುಟ್ಟು ಮಾಡುತ್ತಿದ್ದೇನೆ ಅಂದುಕೊಳ್ಳುತ್ತಾರೆ. ನಾನು ಬಿಡಬೇಕಾಗಿ ಬಂದದ್ದು ಬೇರೆ ಒಂದು, ಅದನ್ನು ನಿಂತ ನಿಲುವಿನಲ್ಲಿ ಹೇಳಲು ಬರುವುದಿಲ್ಲ. ಇಲ್ಲಿ ಬರೆಯುತ್ತೇನೆ.

ಮೈಸೂರಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ಪಾಠ ಮಾಡುವವಳು ನಾನು. ಐವತ್ತು ಹತ್ತಿರ ಬಂದಿದೆ. ನಮ್ಮಮ್ಮನಿಗೆ ಸಕ್ಕರೆ ಕಾಯಿಲೆ ಇತ್ತು. ನನ್ನ ರಕ್ತಪರೀಕ್ಷೆಯಲ್ಲಿ ಎಚ್‌ಬಿಎ1ಸಿ 6.1 ಎಂದು ಬಂತು. ಅದು 5.7ರಿಂದ 6.4ರ ಒಳಗಿದ್ದರೆ ಕಾಯಿಲೆಯ ಹೊಸ್ತಿಲಲ್ಲಿ ಇದ್ದೀರಿ ಎಂದರ್ಥ, 6.5 ಮುಟ್ಟಿದರೆ ಒಳಗೆ ಕಾಲಿಟ್ಟ ಹಾಗೆ. ಡಾಕ್ಟರು ಟೇಪು ತೆಗೆದು ಸೊಂಟ ಅಳೆದರು. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದಂತೆ, ನಾನು ಬಹಳ ಮುಂದೆ ಹೋಗಿದ್ದೆ. ‘ಮಾತ್ರೆ ಈಗಲೇ ಬೇಡ. ದಿನಾ ಏನೇನು ತಿನ್ತೀರಿ ಅಂತ ಒಂದು ವಾರ ಬರೆದುಕೊಂಡು ಬನ್ನಿ’ ಎಂದರು.

ಆ ಪಟ್ಟಿ ಬರೆಯಲು ನನ್ನಿಂದ ಆಗಲಿಲ್ಲ. ಮನೆಯವರು, ಮಗ, ಅತ್ತೆ ಏನು ತಿಂದರು, ಎಷ್ಟು ತಿಂದರು ಎಂಬುದನ್ನು ಅಂದೇ ರಾತ್ರಿ ಒಂದಕ್ಷರ ತಪ್ಪದೆ ಬರೆಯಬಲ್ಲೆ. ನನ್ನದು ಮಾತ್ರ ನೆನಪಿಗೆ ಬರುತ್ತಿರಲಿಲ್ಲ, ಯಾಕೆಂದರೆ ನಾನು ಊಟ ಎಂದು ಮಾಡುತ್ತಿರಲೇ ಇಲ್ಲ. ಒಲೆ ಮುಂದೆ ನಿಂತೇ ಕಾವಲಿಗೆ ಅಂಟಿದ ಮೊದಲ ದೋಸೆ. ಮಗ ಡಬ್ಬಿಯಲ್ಲಿ ಉಳಿಸಿ ತಂದ ಚಿತ್ರಾನ್ನ. ಹಾಲಿನ ಕೆನೆ. ರಾತ್ರಿ ಎಲ್ಲರೂ ಎದ್ದ ಮೇಲೆ ತಪ್ಪಲೆಯಲ್ಲಿ ಇನ್ನೊಂದು ಹಿಡಿ ಅನ್ನ ಉಳಿದಿದೆ, ಚೆಲ್ಲಬಾರದು, ಫ್ರಿಜ್ಜಿನಲ್ಲಿಟ್ಟರೆ ಯಾರೂ ಮುಟ್ಟುವುದಿಲ್ಲ, ಹಾಗಾಗಿ ಅದಕ್ಕಿಷ್ಟು ಸಾರು. ಸಂಜೆ ಕಾಲೇಜಿನಿಂದ ಬಂದು ನಿಪ್ಪಟ್ಟಿನ ಡಬ್ಬಕ್ಕೆ ಕೈ ಹಾಕುತ್ತಿದ್ದುದು ಹಸಿವಿಗೋ ಸುಸ್ತಿಗೋ ಗೊತ್ತಿರಲಿಲ್ಲ. ಎಲ್ಲರಿಗೂ ಬಡಿಸುತ್ತಿದ್ದೆ, ನನಗಾಗಿ ಒಂದು ತಟ್ಟೆ ಇಟ್ಟುಕೊಂಡು ಅವರ ಜೊತೆ ಕೂರುತ್ತಿರಲಿಲ್ಲ. ನಮ್ಮಮ್ಮನೂ ಹೀಗೇ ಇದ್ದಳು. ಅದು ತ್ಯಾಗ ಎಂದು ನಾವು ಮಕ್ಕಳು ಹೊಗಳುತ್ತಿದ್ದೆವು.

ತಟ್ಟೆಯಿಂದಲೇ ಶುರು ಮಾಡಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ದಿನಕ್ಕೆ 2000 ಕ್ಯಾಲೊರಿಯ ಒಂದು ಮಾದರಿ ತಟ್ಟೆ ಹೇಳಿದೆ: ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ ಸೊಪ್ಪು 400 ಗ್ರಾಂ, ಎಣ್ಣೆ ತುಪ್ಪ ಎಲ್ಲ ಸೇರಿ 27 ಗ್ರಾಂ. ನಮ್ಮ ಮನೆಯದನ್ನು ಇದರ ಪಕ್ಕದಲ್ಲಿಟ್ಟು ನೋಡಿದೆ. ನಾಲ್ಕು ಜನಕ್ಕೆ ತಿಂಗಳಿಗೆ ಆರು ಲೀಟರು ಸೂರ್ಯಕಾಂತಿ ಎಣ್ಣೆ ಬರುತ್ತಿತ್ತು. ತಲೆಗೆ ದಿನಕ್ಕೆ 50 ಮಿಲಿ ಲೀಟರು, ತೂಕದಲ್ಲಿ ಸುಮಾರು 45 ಗ್ರಾಂ. ತುಪ್ಪದ ಲೆಕ್ಕ ಬೇರೆ. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿ. 70 ಕಿಲೋ ತೂಗುವವರು ಒಂದು ಕಿಲೋಮೀಟರ್ ಓಡಿದರೆ ಖರ್ಚಾಗುವುದು ಹೆಚ್ಚುಕಡಿಮೆ 70 ಕ್ಯಾಲೊರಿ. ಅಂದರೆ ಹೆಚ್ಚುವರಿಯಾಗಿ ಒಳಗೆ ಹೋಗುತ್ತಿದ್ದ ಎಣ್ಣೆಯನ್ನು ಕರಗಿಸಲಿಕ್ಕೇ ದಿನಾ ಎರಡು ಕಿಲೋಮೀಟರಿಗಿಂತ ಹೆಚ್ಚು ಓಡಬೇಕು. ಬರೀ ಓಡಿ ತೂಕ ಇಳಿಸುತ್ತೇನೆ ಎನ್ನುವವರು ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಹಾಕಬೇಕು.

ದಾರಿ ತೋರಿಸಿದವರು ಅತ್ತೆ. ಅವರು ಕೆ.ಆರ್. ನಗರದ ಕಡೆಯ ಹಳ್ಳಿಯವರು. ಪಟ್ಟಣಕ್ಕೆ ಬಂದ ಮೇಲೆ ಅವರ ಅಡುಗೆಗಳನ್ನೆಲ್ಲ ನಾನೇ ಹಿಂದಕ್ಕೆ ಸರಿಸಿದ್ದೆ, ಮಗನಿಗೆ ಸೇರುವುದಿಲ್ಲ ಎಂಬ ನೆಪದಲ್ಲಿ. ಬಸ್ಸಾರನ್ನು ಹಳೇ ಮೈಸೂರಿನವರಿಗೆ ವಿವರಿಸಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಹೆಸರುಕಾಳೋ ಅಲಸಂದೆಯೋ ಬೇಯಿಸಿ, ಅದಕ್ಕೆ ದಂಟಿನ ಸೊಪ್ಪೋ ಕೀರೆಸೊಪ್ಪೋ ಹಾಕಿ, ಬೆಂದ ಮೇಲೆ ಕಟ್ಟು ಬಸಿದುಕೊಳ್ಳಬೇಕು. ಕಟ್ಟಿಗೆ ಖಾರ ರುಬ್ಬಿ ಹಾಕಿ ಕುದಿಸಿದರೆ ಸಾರು, ಬಸಿದು ಉಳಿದ ಕಾಳುಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಮನೆಮಂದಿಗೆಲ್ಲ ಒಂದೆರಡು ಚಮಚ ಎಣ್ಣೆ ಸಾಕು. ಕಾಳು, ಸೊಪ್ಪು ಎರಡೂ ತಾವಾಗಿ ತಟ್ಟೆಗೆ ಬಂದವು. ಹುರುಳಿಕಾಳಿನ ಸಾರು, ಮಸ್ಸೊಪ್ಪು, ಉಪ್ಪುಸಾರು, ಸಬ್ಬಸಿಗೆ ಸೊಪ್ಪು ತುಂಬಾ ಹಾಕಿದ ಅಕ್ಕಿರೊಟ್ಟಿ ಮನೆಗೆ ಮರಳಿದವು. ಉಪ್ಪಿಟ್ಟಿನಲ್ಲಿ ರವೆಯಷ್ಟೇ ತರಕಾರಿ ಬಂತು. ಕೋಸಂಬರಿಯನ್ನು ಹಬ್ಬಕ್ಕೆ ಕಾಯಿಸಲಿಲ್ಲ. ಒಬ್ಬಟ್ಟನ್ನು ಮಾತ್ರ ಯುಗಾದಿಗೇ ಇಟ್ಟುಕೊಂಡೆ, ಅದನ್ನು ತುಪ್ಪ ಹಾಕಿಕೊಂಡೇ ತಿನ್ನುತ್ತೇನೆ. ಅದಕ್ಕೆ ಲೆಕ್ಕ ಹಾಕುವುದಿಲ್ಲ.

ರಾಗಿಯ ಬಗ್ಗೆ ಒಂದು ಮಾತು. ಮುದ್ದೆ ತಿಂದರೆ ಎಷ್ಟು ತಿಂದರೂ ತೂಕ ಇಳಿಯುತ್ತದೆ ಎಂದು ನಂಬಿದವರು ಬಹಳ. ನೂರು ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ಅಕ್ಕಿಯಲ್ಲಿ 350ರ ಆಸುಪಾಸು. ವ್ಯತ್ಯಾಸ ದೊಡ್ಡದಲ್ಲ. ರಾಗಿಯ ದೊಡ್ಡಗುಣ ಬೇರೆಡೆ ಇದೆ: ನೂರು ಗ್ರಾಮಿಗೆ 350 ಮಿಲಿಗ್ರಾಂ ಹತ್ತಿರ ಕ್ಯಾಲ್ಸಿಯಂ, ಅಕ್ಕಿಗಿಂತ ಎಷ್ಟೋ ಪಾಲು ಹೆಚ್ಚು ನಾರು. ನನ್ನ ವಯಸ್ಸಿನ ಹೆಂಗಸಿನ ಮೂಳೆಗೆ ಅದು ಬೇಕು. ಮುದ್ದೆಯ ಗಾತ್ರ ಚಿಕ್ಕದು ಮಾಡಿ, ಸೊಪ್ಪು ಹೆಚ್ಚು ಬಡಿಸಿಕೊಳ್ಳುವುದನ್ನು ಕಲಿತೆ.

ಓಟ ಆಮೇಲೆ ಬಂದದ್ದು. ಕುಕ್ಕರಹಳ್ಳಿ ಕೆರೆಯ ಸುತ್ತ ಬೆಳಿಗ್ಗೆ ನಡೆಯಲು ಹೋಗುತ್ತಿದ್ದೆ. ಕುವೆಂಪು ಅವರು ನಡೆದಾಡಿದ ಕೆರೆಯಂಚು ಅದು, ಈಗಲೂ ಹೆಜ್ಜಾರ್ಲೆಗಳು ನೀರಿನ ಮೇಲೆ ತೇಲುತ್ತಿರುತ್ತವೆ. ಅಲ್ಲಿ ಒಂದು ನಿಮಿಷ ಓಡಿ ಎರಡು ನಿಮಿಷ ನಡೆದೆ. ವಾರ ಕಳೆದಂತೆ ಓಟವನ್ನು ಉದ್ದ ಮಾಡಿದೆ, ನಡಿಗೆಯನ್ನು ಗಿಡ್ಡ ಮಾಡಿದೆ. ಓಡುತ್ತಲೇ ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯ ಮಾತಾಡಲು ಆಗಬೇಕು, ಆಗದಿದ್ದರೆ ವೇಗ ಹೆಚ್ಚಾಯಿತು ಎಂದು ತಿಳಿ. ಇದೊಂದೇ ನಿಯಮ, ಗಡಿಯಾರ ಬೇಕಿಲ್ಲ.

ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದು ವಿಷಯವಿದೆ. ಓಡಿದಾಗ ನನಗೆ ಮೂತ್ರ ಜಿನುಗುತ್ತಿತ್ತು. ಕೆಮ್ಮಿದಾಗ, ಸೀನಿದಾಗ ಮೊದಲಿನಿಂದಲೂ ಇತ್ತು, ಹೆರಿಗೆಯಾದ ಹೆಂಗಸರ ಪಾಡೇ ಇಷ್ಟು ಎಂದು ಸುಮ್ಮನಿದ್ದೆ. ಓಟ ಅದನ್ನು ಮುಚ್ಚಿಡಲು ಬಿಡಲಿಲ್ಲ. ನಾಚಿಕೆಯಿಂದ ಓಟವನ್ನೇ ನಿಲ್ಲಿಸುವ ಯೋಚನೆಯೂ ಬಂತು. ಕೊನೆಗೆ ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಹೋದಾಗ, ಹೆರಿಗೆಯಲ್ಲಿ ಸಡಿಲವಾದ ಕಿಬ್ಬೊಟ್ಟೆಯ ತಳದ ಸ್ನಾಯುಗಳನ್ನು ಬಿಗಿ ಮಾಡುವ ಕೀಗಲ್ ವ್ಯಾಯಾಮವನ್ನು ಆಕೆ ಕಲಿಸಿದರು. ಆರ್ನಾಲ್ಡ್ ಕೀಗಲ್ ಎಂಬ ಅಮೆರಿಕದ ವೈದ್ಯರು 1948ರಲ್ಲೇ ಅದನ್ನು ಪ್ರಕಟಿಸಿದ್ದರು. ಕೂತಲ್ಲೇ ಮಾಡಬಹುದಾದ, ಒಂದು ಪೈಸೆ ಖರ್ಚಿಲ್ಲದ ಕಸರತ್ತು. ನನ್ನ ಹೆರಿಗೆಯ ಸಮಯದಲ್ಲಿ ಯಾರೂ ಹೇಳಲಿಲ್ಲ, ನಾನೂ ಯಾರನ್ನೂ ಕೇಳಲಿಲ್ಲ. ಕೆಲವು ತಿಂಗಳಲ್ಲಿ ತೊಂದರೆ ಬಹುಮಟ್ಟಿಗೆ ಹೋಯಿತು. ಓಟಕ್ಕೆಂದೇ ಸಿಗುವ ಬಿಗಿಯಾದ ಬ್ರಾ ಇನ್ನೊಂದು ಅಗತ್ಯ. ಒಳ್ಳೆಯ ಶೂ ಕೊಳ್ಳಲು ಹಿಂದೆಮುಂದೆ ನೋಡದವಳು ಅದನ್ನು ಕೇಳಿ ಕೊಳ್ಳಲು ಎಷ್ಟು ಸಂಕೋಚಪಟ್ಟೆ!

ಹೆಂಗಸರ ಓಟದ ಬಗೆಗಿನ ಹಿಂಜರಿಕೆ ಹಳೆಯದು. 1928ರ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ 800 ಮೀಟರ್ ಓಟ ಇಟ್ಟರು. ಅಷ್ಟು ದೂರ ಹೆಣ್ಣಿನ ದೇಹ ತಡೆಯದು ಎಂದು ತೆಗೆದುಹಾಕಿದ್ದನ್ನು ಮತ್ತೆ ಸೇರಿಸಿದ್ದು 1960ರಲ್ಲಿ. ಮ್ಯಾರಥಾನ್ ಸಿಕ್ಕಿದ್ದು 1984ರಲ್ಲಿ, ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ. ನಾವು ಹುಡುಗಿಯರು ಕೊಡಗಿನ ಓಟಗಾರ್ತಿ ಅಶ್ವಿನಿ ನಾಚಪ್ಪ ಅವರ ಫೋಟೊಗಳನ್ನು ಪೇಪರಿನಿಂದ ಕತ್ತರಿಸಿ ಇಟ್ಟುಕೊಂಡಿದ್ದೆವು. ಆದರೂ ಹೈಸ್ಕೂಲು ಮುಗಿಯುವಷ್ಟರಲ್ಲಿ ನಮ್ಮಲ್ಲಿ ಒಬ್ಬಳೂ ಓಡುತ್ತಿರಲಿಲ್ಲ. ಓಡಬೇಡ ಎಂದು ನನಗೆ ಯಾರೂ ಹೇಳಿದ ನೆನಪಿಲ್ಲ. ಓಡು ಎಂದೂ ಹೇಳಲಿಲ್ಲ, ಅಷ್ಟೇ.

ಓಟ ಹಿಡಿದ ಮೇಲೆ ಸ್ವಲ್ಪ ಕಾಲಕ್ಕೆ ವಿಪರೀತ ಏದುಸಿರು ಬರತೊಡಗಿತು. ನನ್ನಲ್ಲಿ ಛಲ ಸಾಲದು ಎಂದುಕೊಂಡು ಊಟವನ್ನು ಇನ್ನೂ ಕಡಿಮೆ ಮಾಡಿದೆ. ಹಸಿದುಕೊಂಡಿರುವುದನ್ನು ಪುಣ್ಯವೆಂದು ಕಲಿತು ಬೆಳೆದವಳು ನಾನು. ಸೋಮವಾರ, ಸಂಕಷ್ಟಿ, ಏಕಾದಶಿ ಎಂದು ಹಸಿವನ್ನು ಅದುಮಿಡುವ ಅಭ್ಯಾಸ ಇದ್ದೇ ಇತ್ತು, ಈಗ ಅದಕ್ಕೆ ಆರೋಗ್ಯದ ಹೆಸರು ಸಿಕ್ಕಿತು. ಅತ್ತೆ ಗಮನಿಸಿದರು. ‘ಯಾಕವ್ವ, ಹಿಂಗ್ ಬಿಳಿಚ್ಕೊಂಡಿದೀಯ? ಹೋಗಿ ರಕ್ತ ತೋರಿಸ್ಕೊಂಡ್ ಬಾ’ ಎಂದರು. ಹಿಮೋಗ್ಲೋಬಿನ್ 9.8 ಇತ್ತು, 12 ಇರಬೇಕಾದದ್ದು. ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ಆಗುವ ಹೆಚ್ಚಿನ ರಕ್ತಸ್ರಾವ ಒಂದು ಕಡೆ, ಅರೆಹೊಟ್ಟೆ ಇನ್ನೊಂದು ಕಡೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಸುಸ್ತು ಎನ್ನುವ ಹೆಂಗಸಿಗೆ ‘ವಯಸ್ಸಾಯಿತು’ ಎಂದೋ ‘ದಪ್ಪ ಆಗಿದೀಯ’ ಎಂದೋ ಹೇಳುವ ಮೊದಲು ಈ ಸಂಖ್ಯೆಯನ್ನು ಎಲ್ಲರೂ ನೆನೆಯಬೇಕು. ದಪ್ಪಗಿರುವವರಿಗೂ ರಕ್ತ ಕಡಿಮೆ ಇರುತ್ತದೆ, ನನಗಿತ್ತು. ಡಾಕ್ಟರು ಕಬ್ಬಿಣದ ಮಾತ್ರೆ ಕೊಟ್ಟರು, ಸೊಪ್ಪು ಕಾಳಿಗೆ ನಿಂಬೆಹಣ್ಣು ಹಿಂಡಿಕೊಳ್ಳಿ ಎಂದರು, ಊಟದ ಬೆನ್ನಿಗೇ ಕಾಫಿ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ ಎಂದರು. ‘ಹೊಟ್ಟೆ ತುಂಬಾ ತಿನ್ನಿ’ ಎಂದೂ ಹೇಳಿದರು. ತೂಕ ಇಳಿಸಲು ಹೊರಟವಳಿಗೆ ಆ ಮಾತು ಕೇಳಿ ಅಳು ಬಂತು.

ಇಷ್ಟೆಲ್ಲ ಆದರೂ ಕಷ್ಟವಾದದ್ದು ಊಟವಲ್ಲ, ಓಟವಲ್ಲ, ಬೆಳಗಿನ ಆ ಒಂದು ಗಂಟೆ. ಆರರಿಂದ ಏಳರವರೆಗೆ ಮನೆಯಲ್ಲಿ ನಾನಿರಲೇಬೇಕು ಎಂಬುದು ಎಲ್ಲರ ನಂಬಿಕೆ. ಹಾಲು, ಕಾಫಿ, ಅತ್ತೆಯ ಮಾತ್ರೆ, ಮಗನ ಡಬ್ಬಿ. ನಮ್ಮ ಮನೆಯವರನ್ನು ಕೇಳಲು ನನಗೆ ತಿಂಗಳುಗಳೇ ಹಿಡಿದವು. ಕೇಳಿದ ದಿನ ಅವರು ‘ಅಯ್ಯೋ, ಅದಕ್ಕೇನಂತೆ, ಹೋಗಿ ಬಾ’ ಎಂದುಬಿಟ್ಟರು. ಮರುದಿನದಿಂದ ಕಾಫಿ ಅವರೇ ಬೆರೆಸಿದರು. ಮಗ ಅಕ್ಕಿರೊಟ್ಟಿ ತಟ್ಟುವುದನ್ನು ಅಜ್ಜಿಯಿಂದ ಕಲಿತ. ನಾನು ಸಂತೋಷಪಡಬೇಕಿತ್ತು. ಕೆರೆಯ ಏರಿಯ ಮೇಲೆ ನನಗೆ ಆದದ್ದು ನೋವು. ನಾನಿಲ್ಲದೆಯೂ ಮನೆ ನಡೆಯುತ್ತಿದೆಯಲ್ಲ!

ಆ ನೋವನ್ನು ಬಹಳ ದಿನ ನೋಡುತ್ತಾ ಓಡಿದೆ. ನನ್ನ ಗಂಟೆಯನ್ನು ಯಾರೂ ಕಿತ್ತುಕೊಂಡಿರಲಿಲ್ಲ. ನಾನಿಲ್ಲದಿದ್ದರೆ ಈ ಮನೆಯಲ್ಲಿ ಒಲೆ ಉರಿಯದು ಎಂಬುದು ನನ್ನ ಹೆಮ್ಮೆಯಾಗಿತ್ತು, ಆ ಹೆಮ್ಮೆಯನ್ನು ತ್ಯಾಗವೆಂದು ಕರೆದುಕೊಂಡಿದ್ದೆ. ಕೊನೆಯಲ್ಲಿ ಉಣ್ಣುವುದು, ಉಳಿದದ್ದನ್ನು ತಿನ್ನುವುದು, ಸುಸ್ತನ್ನು ಹೇಳದಿರುವುದು ಎಲ್ಲವೂ ಅದರ ಕೈಕಾಲುಗಳು. ಸೊಂಟದ ಸುತ್ತ ಸೇರಿದ್ದ ಕೊಬ್ಬಿನಲ್ಲಿ ಅದರ ಪಾಲೂ ಇತ್ತು ಎಂದು ನಾನು ನಂಬುತ್ತೇನೆ. ನಾನು ಬಿಡಬೇಕಾಗಿ ಬಂದದ್ದು ಅದನ್ನು. ಅನ್ನ ಬಿಡುವುದು ಇದರ ಮುಂದೆ ಸುಲಭ.

ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವಾಕೆಗೆ ಇಂಥ ಗಂಟೆಯನ್ನು ಕೇಳಿ ಪಡೆಯಲು ಯಾರಿದ್ದಾರೆ ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಆಕೆ ಬೆಳಗಾಗುವ ಮೊದಲೇ ನಡೆಯಲು ಶುರು ಮಾಡುತ್ತಾಳೆ, ಮಂಡಿ ಸವೆದಿದೆ, ಅವಳಿಗೆ ಬೇಕಾದದ್ದು ಓಟವಲ್ಲ, ವಿಶ್ರಾಂತಿ. ಭಾನುವಾರ ಬರಬೇಡ ಎಂದು ಹೇಳಿದ್ದೇವೆ, ಸಂಬಳ ಕಡಿಮೆ ಮಾಡಿಲ್ಲ. ಬೆಳಗಿನ ತಿಂಡಿಗೆ ಆಕೆಯೂ ನಮ್ಮ ಜೊತೆ ಕೂರುತ್ತಾಳೆ. ಇದು ಸಾಲದು ಎಂದು ಗೊತ್ತು.

ಒಂದೂವರೆ ವರ್ಷದಲ್ಲಿ ಹತ್ತು ಕಿಲೋದಷ್ಟು ಇಳಿಯಿತು, ಎಚ್‌ಬಿಎ1ಸಿ 5.6ಕ್ಕೆ ಬಂತು. ‘ಎಷ್ಟು ಸಣ್ಣ ಆಗಿದೀರಿ!’ ಎಂಬ ಮಾತು ಕೇಳಲು ಹಿತವಾಗಿತ್ತು, ಒಪ್ಪಿಕೊಳ್ಳುತ್ತೇನೆ. ಕೇಳಲೆಂದೇ ಕೆಲವು ಕಡೆ ಹೋದದ್ದೂ ಉಂಟು. ಆಮೇಲೆ ತೂಕ ಇಳಿಯುವುದು ನಿಂತಿತು, ಮಾತುಗಳೂ ನಿಂತವು. ಓಟ ನಿಲ್ಲಲಿಲ್ಲ. ಈಗ ತೂಕದ ಯಂತ್ರಕ್ಕಿಂತ ಬೇರೆ ಗುರುತುಗಳನ್ನು ನೋಡುತ್ತೇನೆ: ಕಾಲೇಜಿನ ಮೂರನೇ ಮಹಡಿ ಹತ್ತಿದ ಕೂಡಲೇ ಪಾಠ ಶುರು ಮಾಡಬಲ್ಲೆ, ರಾತ್ರಿ ನಿದ್ದೆ ಬರುತ್ತದೆ, ಊಟದ ಹೊತ್ತಿಗೆ ಹಸಿವಾಗುತ್ತದೆ, ಹಸಿವಾಗಿದೆ ಎಂದು ಬಾಯಿಬಿಟ್ಟು ಹೇಳುತ್ತೇನೆ.

ಇದನ್ನು ಓದುತ್ತಿರುವ ಅಕ್ಕತಂಗಿಯರಲ್ಲಿ ಒಂದು ಕೋರಿಕೆ. ಮೂವತ್ತು ದಾಟಿದ್ದರೆ ನಿಮ್ಮ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ‘ನಮ್ಮ ಕ್ಲಿನಿಕ್’ಗೋ ಹೋಗಿ ಬಿಪಿ, ಸಕ್ಕರೆ, ಹಿಮೋಗ್ಲೋಬಿನ್ ಮೂರನ್ನೂ ನೋಡಿಸಿಕೊಳ್ಳಿ, ಅಲ್ಲಿ ದುಡ್ಡು ಕೊಡಬೇಕಿಲ್ಲ. ಮನೆಕೆಲಸಕ್ಕೆ ಬರುವವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಇವತ್ತು ರಾತ್ರಿ ಎಲ್ಲರ ತಟ್ಟೆ ಇಡುವಾಗ ನಿಮ್ಮದನ್ನೂ ಇಡಿ.