ಯಾರ ಕೈಯಲ್ಲಿ ಸಿರಿಂಜು?

ಆಸ್ಪತ್ರೆಗೆ ಹೋದಾಗ ವೈದ್ಯರ ಹೆಸರಿನ ಮುಂದಿರುವ ಪದವಿಗಳನ್ನು ನಾವು ಬೋರ್ಡಿನಲ್ಲಿ ಓದುತ್ತೇವೆ. ದಾದಿಯ ವಿಷಯದಲ್ಲಿ ಅಂಥ ಬೋರ್ಡೂ ಇರುವುದಿಲ್ಲ, ನಮಗೆ ಕೇಳಬೇಕೆಂದು ಅನ್ನಿಸುವುದೂ ಇಲ್ಲ. ಬಿಳಿ ಉಡುಪು ಕಂಡ ಕೂಡಲೇ 'ಸಿಸ್ಟರ್' ಎಂದು ಕರೆದು ತೋಳು ಚಾಚುತ್ತೇವೆ. ವೈದ್ಯರು ದಿನಕ್ಕೆರಡು ಸಲ ಬಂದು ಐದು ನಿಮಿಷ ನಿಂತು ಹೋಗುತ್ತಾರೆ. ಉಳಿದ ಹೊತ್ತು, ಅದರಲ್ಲೂ ನಡುರಾತ್ರಿ, ರೋಗಿಯ ನಾಡಿ, ಡ್ರಿಪ್ಪು, ಔಷಧಿ ಎಲ್ಲವೂ ದಾದಿಯ ಕೈಯಲ್ಲಿ. ಆ ಕೈ ನಿಜವಾಗಿ ಕಲಿತ ಕೈಯಲ್ಲದಿದ್ದರೆ?

ಇದು ಊಹೆಯ ಪ್ರಶ್ನೆಯಲ್ಲ. 2023ರ ಜನವರಿಯಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ 'ಆಪರೇಷನ್ ನೈಟಿಂಗೇಲ್' ಎಂಬ ಹೆಸರಿನ ತನಿಖೆಯೊಂದು ಬೆಳಕಿಗೆ ಬಂತು. ಅಲ್ಲಿನ ಮೂರು ನರ್ಸಿಂಗ್ ಶಾಲೆಗಳು 7,600ಕ್ಕೂ ಹೆಚ್ಚು ಖೋಟಾ ಡಿಪ್ಲೊಮಾಗಳನ್ನು ಮಾರಿದ್ದವು. ಒಂದಕ್ಕೆ ಹತ್ತರಿಂದ ಹದಿನೈದು ಸಾವಿರ ಡಾಲರ್, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು ಎಂಟರಿಂದ ಹನ್ನೆರಡು ಲಕ್ಷ ರೂಪಾಯಿ. 25 ಮಂದಿಯ ಮೇಲೆ ಮೊಕದ್ದಮೆ ದಾಖಲಾಯಿತು. ಕಾಗದ ಕೊಂಡವರಲ್ಲಿ ಸುಮಾರು 2,400 ಮಂದಿ ಪರವಾನಿಗೆ ಪರೀಕ್ಷೆಯಲ್ಲೂ ತೇರ್ಗಡೆಯಾಗಿದ್ದರು. ಅವರಲ್ಲಿ ಅನೇಕರು ಬೇರೆ ಬೇರೆ ರಾಜ್ಯಗಳಲ್ಲಿ ಕೆಲಸಕ್ಕೂ ಸೇರಿದ್ದರು. ಬಳಿಕ ಹಲವು ರಾಜ್ಯಗಳು ಇಂಥವರ ಪರವಾನಿಗೆ ರದ್ದುಪಡಿಸಿದವು.

ಇಲ್ಲಿ ಒಂದು ವಾದ ಹುಟ್ಟಿಕೊಂಡಿತು. ಕೊಂಡವರಲ್ಲಿ ಬಹಳಷ್ಟು ಮಂದಿ ಆಗಲೇ ಕೆಳದರ್ಜೆಯ ಸಹಾಯಕ ದಾದಿಯರಾಗಿ ದುಡಿದು ಅನುಭವ ಇದ್ದವರು. ಪರೀಕ್ಷೆಯನ್ನೂ ಪಾಸು ಮಾಡಿದ್ದಾರೆ. ಯಾವ ರೋಗಿಗೂ ಹಾನಿಯಾದ ಮಾಹಿತಿ ಸಿಕ್ಕಿಲ್ಲವೆಂದು ತನಿಖಾಧಿಕಾರಿಗಳೇ ಆಗ ಹೇಳಿದ್ದರು. ಹಾಗಿದ್ದ ಮೇಲೆ ತಪ್ಪೇನು?

ತಪ್ಪು ಎಲ್ಲಿದೆಯೆಂದು ತಿಳಿಯಲು ದೂರ ಹೋಗಬೇಕಿಲ್ಲ. ನಮ್ಮ ಮನೆಗಳಲ್ಲೇ ಇರುವ ಇನ್ಸುಲಿನ್ ನೋಡಿ. ನಮ್ಮಲ್ಲಿ ಬಾಟಲಿಯಲ್ಲಿ ಸಿಗುವ ಸಾಮಾನ್ಯ ಇನ್ಸುಲಿನ್‌ನಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುತ್ತದೆ. ಪೆನ್ನಿಗೆ ಹಾಕುವ ಕಾರ್ಟ್ರಿಡ್ಜ್‌ಗಳಲ್ಲೂ ಕೆಲವು ಬಾಟಲಿಗಳಲ್ಲೂ 100 ಯೂನಿಟ್. ಸಿರಿಂಜೂ ಎರಡು ಬಗೆ. ಕೆಂಪು ಮುಚ್ಚಳದ್ದು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. ನೂರರ ಇನ್ಸುಲಿನನ್ನು ನಲವತ್ತರ ಸಿರಿಂಜಿನಲ್ಲಿ ಅದೇ ಗೆರೆಗೆ ಎಳೆದರೆ ರೋಗಿಗೆ ಹೋಗುವುದು ಎರಡೂವರೆ ಪಟ್ಟು ಔಷಧಿ. ರಾತ್ರಿ ಸಕ್ಕರೆ ಅಂಶ ಕುಸಿದು ಆತ ನಿದ್ದೆಯಲ್ಲೇ ಪ್ರಜ್ಞೆ ತಪ್ಪಬಹುದು, ಪ್ರಾಣವೂ ಹೋಗಬಹುದು. ಪೊಟ್ಯಾಸಿಯಂ ಕ್ಲೋರೈಡ್ ಕೂಡಾ ಹಾಗೆಯೇ. ಡ್ರಿಪ್ಪಿನಲ್ಲಿ ಬೆರೆಸಿ ನಿಧಾನವಾಗಿ ಕೊಟ್ಟರೆ ಅದು ಔಷಧಿ, ನೇರವಾಗಿ ರಕ್ತನಾಳಕ್ಕೆ ಚುಚ್ಚಿದರೆ ಹೃದಯವೇ ನಿಲ್ಲುತ್ತದೆ. ಇಂಥ ಎಚ್ಚರ ಪುಸ್ತಕ ಓದಿ ಕಂಪ್ಯೂಟರಿನ ಮುಂದೆ ಪರೀಕ್ಷೆ ಬರೆದ ಮಾತ್ರಕ್ಕೆ ಬರುವುದಿಲ್ಲ. ಹಿರಿಯ ದಾದಿಯ ಪಕ್ಕ ನಿಂತು, ಬೈಸಿಕೊಂಡು, ಮತ್ತೆ ಮತ್ತೆ ಮಾಡಿ ಅದು ಕೈಗೆ ಹತ್ತಬೇಕು. ಜಿಎನ್‌ಎಂಗೆ ಮೂರು ವರ್ಷ, ಬಿಎಸ್ಸಿ ನರ್ಸಿಂಗ್‌ಗೆ ನಾಲ್ಕು ವರ್ಷ ಇಟ್ಟಿರುವುದು ಇದೇ ಕಾರಣಕ್ಕೆ. ಖೋಟಾ ಕಾಗದ ಕೊಂಡವರು ಬಿಟ್ಟುಬಿಟ್ಟದ್ದು ಈ ವರ್ಷಗಳನ್ನು.

ಇನ್ನೊಂದು ಬಗೆಯ ಮೋಸ ಕೆನಡಾದಲ್ಲಿ ನಡೆಯಿತು. 2020ರಿಂದ 2021ರವರೆಗೆ ವ್ಯಾಂಕೂವರ್‌ನ ಮಹಿಳೆಯರ ಆಸ್ಪತ್ರೆಯೊಂದರಲ್ಲಿ ಒಬ್ಬಾಕೆ ದಾದಿಯಾಗಿ ದುಡಿದಳು. ಆಕೆ ಬಳಸಿದ ಹೆಸರು ನಿಜವಾದ ದಾದಿಯೊಬ್ಬರದ್ದು. ಅಲ್ಲಿಂದ ಒಟ್ಟಾವಾಗೆ ಹೋಗಿಯೂ ಅದನ್ನೇ ಮಾಡಿದಳು. 2022ರಲ್ಲಿ ಒಟ್ಟಾವಾದ ನ್ಯಾಯಾಲಯ ಆಕೆಗೆ ಏಳು ವರ್ಷದ ಶಿಕ್ಷೆ ವಿಧಿಸಿತು. ಹೀಗೆ ಹೆಸರು ಕದ್ದಾಗ ಮೋಸಹೋಗುವುದು ರೋಗಿ ಮಾತ್ರವಲ್ಲ. ವರ್ಷಗಟ್ಟಲೆ ರಾತ್ರಿ ಪಾಳಿ ಮಾಡಿ ಗಳಿಸಿದ ಹೆಸರು ಇನ್ನೊಬ್ಬಳ ತಪ್ಪುಗಳಿಗೆ ಅಂಟಿಕೊಂಡರೆ ಆ ನಿಜವಾದ ದಾದಿಯ ಗತಿಯೇನು?

ಅಮೆರಿಕ, ಕೆನಡಾಗಳ ಸುದ್ದಿ ಓದಿ ನಾವು ನಿಟ್ಟುಸಿರುಬಿಟ್ಟು ಸುಮ್ಮನಾಗುವಂತಿಲ್ಲ. ನರ್ಸಿಂಗ್ ಕಾಲೇಜುಗಳಿಗೆ ಹೆಸರಾದ ರಾಜ್ಯ ನಮ್ಮದು. ಮಂಗಳೂರು, ಬೆಂಗಳೂರಿನ ಕಾಲೇಜುಗಳಲ್ಲಿ ಕಲಿತ ಸಾವಿರಾರು ಮಕ್ಕಳು ದೇಶ ವಿದೇಶಗಳಲ್ಲಿ ಪ್ರಾಮಾಣಿಕವಾಗಿ ದುಡಿಯುತ್ತಿದ್ದಾರೆ. ಅವರ ನಡುವೆಯೇ 'ನಾನ್ ಅಟೆಂಡಿಂಗ್' ಎಂಬ ವಿಚಿತ್ರ ಪದವೊಂದು ದಲ್ಲಾಳಿಗಳ ಬಾಯಲ್ಲಿ ಓಡಾಡುತ್ತದೆ. ಹೆಸರು ದಾಖಲಿಸಿ, ಫೀಸು ಕಟ್ಟಿ, ತರಗತಿಗೂ ವಾರ್ಡಿಗೂ ಬರದೆ ಪರೀಕ್ಷೆಗೆ ಮಾತ್ರ ಬನ್ನಿ ಎಂದು ಅದರ ಅರ್ಥ. ಹೀಗೆ ಸಿಕ್ಕಿದ ಸರ್ಟಿಫಿಕೇಟಿನ ಮೊಹರು ಅಸಲಿ, ಸಹಿಯೂ ಅಸಲಿ. ಖೋಟಾ ಇರುವುದು ಒಳಗೆ ಬರೆದ ಮಾತು. ಫ್ಲೋರಿಡಾದ ಕಾಗದಕ್ಕೂ ಇದಕ್ಕೂ ರೋಗಿಯ ಮಟ್ಟಿಗೆ ಏನು ವ್ಯತ್ಯಾಸ?

ಕಾಗದವೇ ಇಲ್ಲದವರೂ ಇದ್ದಾರೆ. ನಮ್ಮ ಸಂಬಂಧಿಕರೊಬ್ಬರನ್ನು ಸಣ್ಣ ನರ್ಸಿಂಗ್ ಹೋಮ್ ಒಂದಕ್ಕೆ ಸೇರಿಸಿದ್ದಾಗ, ರಾತ್ರಿ ಪಾಳಿಯ ಹುಡುಗಿಯನ್ನು ಎಲ್ಲಿ ಕಲಿತದ್ದೆಂದು ಕೇಳಿದೆವು. "ಇಲ್ಲೇ ಕಲಿತದ್ದು" ಎಂದಳು. ಎಸ್ಸೆಸ್ಸೆಲ್ಸಿ ಮುಗಿಸಿ ಗುಡಿಸಿ ಒರೆಸುವ ಕೆಲಸಕ್ಕೆ ಸೇರಿದವಳು. ಎರಡು ವರ್ಷದಲ್ಲಿ ಬಿಳಿ ಕೋಟು ಕೊಟ್ಟು ಇಂಜೆಕ್ಷನ್ ಕೈಗಿತ್ತಿದ್ದರು. ಸಂಬಳ ಬಟ್ಟೆ ಅಂಗಡಿಯ ಹುಡುಗಿಯಷ್ಟೇ. ಮಾತು ಮೃದು, ಕೈ ಚುರುಕು, ರೋಗಿಯ ಮೇಲೆ ನಿಜವಾದ ಕನಿಕರ. ಅವಳ ಮೇಲೆ ನಮಗೆ ಸಿಟ್ಟು ಬರಲಿಲ್ಲ. ಆದರೆ ಡ್ರಿಪ್ಪಿಗೆ ಹಾಕುತ್ತಿದ್ದ ಔಷಧಿ ಯಾವುದೆಂದು ಕೇಳಿದಾಗ "ಅದು ಡಾಕ್ಟರರು ಬರೆದದ್ದು" ಎಂದಷ್ಟೇ ಅವಳಿಗೆ ಗೊತ್ತಿತ್ತು. ರೋಗಿಯ ಮೈಯಲ್ಲಿ ದದ್ದು ಎದ್ದರೆ, ಉಸಿರು ಕಟ್ಟಿದರೆ ಅವಳೇನು ಮಾಡಿಯಾಳು? ಏನಾದರೂ ಆದರೆ ಪೊಲೀಸ್ ಠಾಣೆಯಲ್ಲಿ ಮೊದಲು ನಿಲ್ಲುವವಳು ಯಾರು, ಕೋಟು ತೊಡಿಸಿದ ಮಾಲಕರೇ?

ಮೋಸದ ಬೇರು ಇರುವುದು ಇಲ್ಲಿಯೇ. ಕಲಿತ ದಾದಿಗೆ ಕೊಡಬೇಕಾದ ಸಂಬಳ ಉಳಿಸಬೇಕು ಎಂಬ ಲೆಕ್ಕಾಚಾರ. 2016ರಲ್ಲಿ ಸುಪ್ರೀಂ ಕೋರ್ಟ್ ಸೂಚನೆಯಂತೆ ಕೇಂದ್ರ ಸರಕಾರ ರಚಿಸಿದ ಸಮಿತಿಯು, 50ಕ್ಕಿಂತ ಕಡಿಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಯಲ್ಲೂ ದಾದಿಯ ತಿಂಗಳ ಸಂಬಳ 20 ಸಾವಿರ ರೂಪಾಯಿಗಿಂತ ಕಡಿಮೆ ಇರಬಾರದೆಂದು ಶಿಫಾರಸು ಮಾಡಿತು. ನಿಮ್ಮ ಊರಿನ ಸಣ್ಣ ಆಸ್ಪತ್ರೆಯ ದಾದಿಯನ್ನೊಮ್ಮೆ ಕೇಳಿ ನೋಡಿ. ಬಾಂಡ್ ಬರೆಸಿಕೊಂಡು, ಮೂಲ ಸರ್ಟಿಫಿಕೇಟುಗಳನ್ನು ಆಡಳಿತದ ಕಪಾಟಿನಲ್ಲಿಟ್ಟು ಬೀಗ ಹಾಕುವ ಪದ್ಧತಿಯ ಬಗ್ಗೆ ದಾದಿಯರು ಎಷ್ಟೋ ವರ್ಷಗಳಿಂದ ದೂರುತ್ತಲೇ ಬಂದಿದ್ದಾರೆ. ಖೋಟಾ ಕಾಗದ ಚೌಕಟ್ಟಿನಲ್ಲಿ ನೇತಾಡುವ ಕಾಲದಲ್ಲಿ ಅಸಲಿ ಕಾಗದ ಒತ್ತೆಯಾಗಿ ಕಪಾಟಿನಲ್ಲಿ ಬಿದ್ದಿರುತ್ತದೆ!

ಮೋಸಗಾರರ ದಂಡವನ್ನು ಕಟ್ಟುವವರೂ ಪ್ರಾಮಾಣಿಕರೇ. ನಮ್ಮ ಕರಾವಳಿಗೆ ಗಲ್ಫ್ ಎಂದರೆ ಅನ್ನ. ಸೌದಿ, ದುಬೈ, ಕತಾರ್‌ಗಳಲ್ಲಿ ದಾದಿಯಾಗಬೇಕಾದರೆ ಸರ್ಟಿಫಿಕೇಟು ಕೊಟ್ಟ ಸಂಸ್ಥೆಗೇ ಪತ್ರ ಬರೆದು ಪರಿಶೀಲಿಸುವ 'ಡೇಟಾಫ್ಲೋ'ದಂಥ ತಪಾಸಣೆ ದಾಟಬೇಕು. ಶುಲ್ಕ ಕಟ್ಟಿ, ವಾರಗಟ್ಟಲೆ ಕಾದು, ಹಳೆಯ ಆಸ್ಪತ್ರೆಯ ಅನುಭವ ಪತ್ರಕ್ಕಾಗಿ ಅಲೆಯುವವಳು ನಿಜವಾಗಿ ಕಲಿತವಳು. ಯಾರೋ ಕೆಲವರು ಕೊಟ್ಟ ಸುಳ್ಳು ಕಾಗದಕ್ಕಾಗಿ ಎಲ್ಲರೂ ಸಂಶಯದ ಸಾಲಿನಲ್ಲಿ ನಿಲ್ಲಬೇಕಾಗಿದೆ.

ಅಮಾನತು ಎಂಬ ಪದವನ್ನು ನಾವು ಪತ್ರಿಕೆಗಳಲ್ಲಿ ನೌಕರರನ್ನು ಕೆಲಸದಿಂದ ದೂರವಿಟ್ಟ ಸುದ್ದಿಯಲ್ಲಿ ಓದುತ್ತೇವೆ. ಅರಬಿಯಲ್ಲಿ ಅದರ ಅರ್ಥ, ನಂಬಿ ಒಪ್ಪಿಸಿದ ವಸ್ತು. ಒಪ್ಪಿಸಿದ್ದನ್ನು ಅದರ ಹಕ್ಕುದಾರರಿಗೆ ಮುಟ್ಟಿಸಬೇಕೆಂಬುದು ಕುರ್‌ಆನಿನ ಆಜ್ಞೆ. ಪ್ರಜ್ಞೆ ತಪ್ಪಿ ಮಲಗಿದ ರೋಗಿಗಿಂತ ದೊಡ್ಡ ಅಮಾನತು ಯಾವುದಿದೆ? ವೈದ್ಯ ವಿದ್ಯೆ ತಿಳಿಯದವನು ಚಿಕಿತ್ಸೆಗಿಳಿದರೆ ಆಗುವ ಹಾನಿಗೆ ಅವನೇ ಹೊಣೆಯೆಂಬ ಅರ್ಥದ ಪ್ರವಾದಿ(ಸ)ವಚನ ಅಬೂದಾವೂದ್ ಮತ್ತಿತರ ಹದೀಸ್ ಸಂಗ್ರಹಗಳಲ್ಲಿದೆ. ಉದ್ದೇಶ ಒಳ್ಳೆಯದಿತ್ತು ಎಂಬುದು ಅಲ್ಲಿ ನೆಪವಾಗುವುದಿಲ್ಲ. ಅದೇ ಕಾಲದ ರುಫೈದಾ ಅಲ್ ಅಸ್ಲಮಿಯಾ(ರ) ಮದೀನಾದಲ್ಲಿ ಡೇರೆ ಹಾಕಿ ಗಾಯಾಳುಗಳನ್ನು ಆರೈಕೆ ಮಾಡಿದವರು. ಅವರು ವೈದ್ಯನಾಗಿದ್ದ ತಂದೆಯಿಂದ ಕಲಿತರು, ಇತರ ಮಹಿಳೆಯರಿಗೂ ಕಲಿಸಿದರೆಂದು ಹೇಳುತ್ತಾರೆ. ಕಂದಕದ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರನ್ನು ಅವರ ಡೇರೆಗೇ ಒಪ್ಪಿಸಲಾಗಿತ್ತು. ಇಂದು ಬಿಳಿ ಉಡುಪು ತೊಡುತ್ತಿರುವ ನಮ್ಮ ಹೆಣ್ಣುಮಕ್ಕಳಿಗೆ ಇದು ಹೆಮ್ಮೆಯ ಪರಂಪರೆ. ಆದರೆ ಈ ಪರಂಪರೆಯ ಮೊದಲ ಮೆಟ್ಟಿಲೇ ಕಲಿಕೆ.

ಸರಕಾರದ ಹೊಣೆ ಇದ್ದೇ ಇದೆ. ದಾದಿಯರ ನೋಂದಣಿಗೆ ರಾಜ್ಯ ಪರಿಷತ್ತಿದೆ, ದೇಶಮಟ್ಟದಲ್ಲಿ ಪ್ರತಿಯೊಬ್ಬರಿಗೂ ಗುರುತಿನ ಸಂಖ್ಯೆ ಕೊಡುವ ವ್ಯವಸ್ಥೆ ಬಂದಿದೆ, 2023ರಲ್ಲಿ ಸಂಸತ್ತು ಹೊಸ ಕಾಯ್ದೆಯನ್ನೂ ಅಂಗೀಕರಿಸಿದೆ. ಆದರೆ ಸಣ್ಣ ಆಸ್ಪತ್ರೆಯ ರಾತ್ರಿ ಪಾಳಿಯವರೆಗೆ ಕಾನೂನು ನಡೆದು ಬರುವುದು ನಾವು ಕೇಳಿದಾಗ ಮಾತ್ರ. ಪಾಳಿಯಲ್ಲಿ ನೋಂದಾಯಿತ ದಾದಿ ಯಾರಿದ್ದಾರೆಂದು ಆಡಳಿತವನ್ನು ಕೇಳೋಣ. ಆ ಹುಡುಗಿಯನ್ನು ಗದರಿಸುವುದು ಬೇಡ. ಮಗಳನ್ನು ನರ್ಸಿಂಗ್‌ಗೆ ಸೇರಿಸುವ ಹೆತ್ತವರು ಕಾಲೇಜಿನ ಕಟ್ಟಡ ನೋಡುವ ಮೊದಲು ಅದಕ್ಕೆ ಆಸ್ಪತ್ರೆ ಎಲ್ಲಿದೆಯೆಂದು ನೋಡಲಿ. ಹಾಜರಾತಿ ಬೇಡ ಎನ್ನುವ ದಲ್ಲಾಳಿಯನ್ನು ಬಾಗಿಲಿನಿಂದಲೇ ಕಳಿಸಲಿ. ನಮ್ಮ ಜಮಾಅತ್‌ಗಳು, ಸಂಘಟನೆಗಳು ವಿದ್ಯಾರ್ಥಿವೇತನ ಕೊಡುವಾಗ "ಇಲ್ಲೇ ಕಲಿತ" ಹುಡುಗಿಯರನ್ನೂ ನೆನಪಿಟ್ಟುಕೊಳ್ಳಲಿ. ಚುರುಕಾದ ಕೈ, ಕನಿಕರದ ಮನಸ್ಸು ಅವರಲ್ಲಿ ಆಗಲೇ ಇದೆ. ಇಲ್ಲದಿರುವುದು ಮೂರು ವರ್ಷದ ಓದು ಮತ್ತು ಅದಕ್ಕೆ ಬೇಕಾದ ಹಣ. ಅದನ್ನು ಕೊಡಲು ನಮಗೇನು ಅಡ್ಡಿ?